ವಿಜಯಪುರದಲ್ಲಿ ಬರೀ ಮಾತಿನ ರೇಡಿಯೋ ನಡೆಯುತ್ತಾ? ಅನುಭವ ಇದ್ದವರು ಹೇಳಿ

ಜೋಳದರೊಟ್ಟಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನನ್ನದು ಮೊಬೈಲ್ ರಿಪೇರಿ ಅಂಗಡಿ, ವಯಸ್ಸು 27. ಅಂಗಡಿ ಮೇಲೆ ಒಂದು ಖೋಲಿ ಖಾಲಿ ಬಿದ್ದಿದೆ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಅಲ್ಲಿ ಒಂದು ರೇಡಿಯೋ ಶುರು ಮಾಡಬೇಕು ಅಂತ ಎರಡು ವರ್ಷದಿಂದ ತಲೆಯಲ್ಲಿ ಹುಳ ಓಡಾಡುತ್ತಿದೆ. ಹಾಡು ಹಾಕುವುದಿಲ್ಲ. ಹಾಡು ಈಗ ಎಲ್ಲರ ಫೋನಲ್ಲೂ ಇದೆ. ಬರೀ ಮಾತು. ನಳಕ್ಕೆ ನೀರು ಯಾವತ್ತು, ಕರೆಂಟ್ ಎಷ್ಟೊತ್ತಿಗೆ ಹೋಗುತ್ತೆ, ಸಂತೆಯಲ್ಲಿ ಏನು ರೇಟು, ಆಮೇಲೆ ಜನರ ಫೋನು, ಹರಟೆ. ಲೈಸೆನ್ಸ್ ಬೇಕಾ? ಖರ್ಚು ಎಷ್ಟು ಬೀಳುತ್ತೆ? ಧ್ವನಿ ಚೆನ್ನಾಗಿರಲೇಬೇಕಾ? ನನ್ನ ಧ್ವನಿ ಅಷ್ಟಕ್ಕಷ್ಟೇ. ಮನೆಯಲ್ಲಿ ಹೇಳಿದರೆ ನಗುತ್ತಾರೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಬಸ್‌ಸ್ಟ್ಯಾಂಡ್ ಚಹಾ, ಬಾಗಲಕೋಟೆ

ಮನೆಯವರು ನಗುವುದರಲ್ಲಿ ತಪ್ಪಿಲ್ಲ. ರೇಡಿಯೋ ಸೆಟ್ ಈಗ ಯಾರ ಮನೆಯಲ್ಲಿದೆ? ಒಬ್ಬನೇ ಕೂತು ರೇಡಿಯೋ ನಡೆಸುವುದು ಆಗದ ಹೋಗದ ಮಾತು. ಆ ಖೋಲಿ ಬಾಡಿಗೆಗೆ ಕೊಡಿ.

ಕುಂದಾಪ್ರೇಮಿ, ಬೆಳಗಾವಿ

ಚಹಾ ಅವರೇ, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ರೇಡಿಯೋ ಶುರು ಮಾಡಿದ್ದು ತಮ್ಮ ಮನೆಯಲ್ಲೇ. ಅವರು ಇಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಪ್ರೊಫೆಸರ್. ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದೂ ಅಲ್ಲೇ. ಹಾಗಾಗಿ ಖೋಲಿ ಸದ್ಯಕ್ಕೆ ಇರಲಿ.

ರೊಟ್ಟಿ ಅವರೇ, ಲೈಸೆನ್ಸ್ ವಿಷಯ. ನಾನು ಇಲ್ಲಿ ಸಮುದಾಯ ರೇಡಿಯೋಗಳ ಕಾಗದಪತ್ರದ ಕೆಲಸ ಸ್ವಲ್ಪ ನೋಡಿದ್ದೇನೆ. ಗಾಳಿಯಲ್ಲಿ, ಅಂದರೆ ಎಫ್‌ಎಂನಲ್ಲಿ ಹೋಗಬೇಕಾದರೆ ಒಬ್ಬ ವ್ಯಕ್ತಿಗೆ ಸಮುದಾಯ ರೇಡಿಯೋ ಪರವಾನಗಿ ಕೊಡುವುದೇ ಇಲ್ಲ. ಲಾಭಕ್ಕಲ್ಲದ ಸಂಸ್ಥೆ ಇರಬೇಕು, ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಆಗಿರಬೇಕು. ಕಾಲೇಜು, ಕೃಷಿ ವಿಜ್ಞಾನ ಕೇಂದ್ರ, ಟ್ರಸ್ಟು, ಹೀಗೆ. ರಾಜಕೀಯ ಪಕ್ಷಗಳಿಗೆ ಇಲ್ಲ. ನಮ್ಮ ಬೆಳಗಾವಿಯಲ್ಲಿ ಕೆಎಲ್‌ಇಯವರ ವೇಣುಧ್ವನಿ 90.4 ಇದೆಯಲ್ಲ, ಆ ಥರ. ಅರ್ಜಿ ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಆನ್‌ಲೈನಲ್ಲಿ ಹಾಕಬೇಕು. ತರಂಗಾಂತರ ಕೊಡುವುದು ಬೇರೆ ಇಲಾಖೆ. ಒಂದರ ಸಹಿ ಬಂದರೆ ಇನ್ನೊಂದರದು ಬರುವ ಹೊತ್ತಿಗೆ ಸಂಸ್ಥೆಯ ಕಾರ್ಯದರ್ಶಿ ಬದಲಾಗಿರುತ್ತಾರೆ. ತಾಳ್ಮೆ ಬೇಕು.

ಟ್ರಾನ್ಸ್‌ಮಿಟರ್ 50 ವ್ಯಾಟ್. ಆಂಟೆನಾ ಕಂಬ 30 ಮೀಟರ್ ದಾಟುವ ಹಾಗಿಲ್ಲ. ಸುಮಾರು 10ರಿಂದ 15 ಕಿಲೋಮೀಟರ್ ಕೇಳಿಸುತ್ತೆ. ನಿಮ್ಮ ಕಡೆ ಬಯಲು ಎರಿ ಭೂಮಿ, ಗುಡ್ಡ ಅಡ್ಡ ಬರುವುದಿಲ್ಲ. ಎಫ್‌ಎಂ ಅಲೆ ಕಣ್ಣಿಗೆ ಕಾಣುವಷ್ಟು ದೂರ ನೆಟ್ಟಗೆ ಹೋಗುತ್ತೆ, ಅಷ್ಟೇ. ಖಾನಾಪುರದ ಕಡೆ ಇಟ್ಟರೆ ಮೊದಲ ಗುಡ್ಡಕ್ಕೇ ನಿಂತುಹೋಗುತ್ತೆ.

ಇನ್ನೊಂದು. ನೀವು ನೀರು, ಕರೆಂಟು, ರೇಟು ಹೇಳಬೇಕು ಅಂದಿರಿ. ಸಮುದಾಯ ರೇಡಿಯೋ ಸ್ವಂತ ಸುದ್ದಿ ಓದುವ ಹಾಗಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಹಾಕಬಹುದು. ಆದರೆ ಹವಾಮಾನ, ಟ್ರಾಫಿಕ್, ಜಾತ್ರೆ, ಪರೀಕ್ಷೆ ಫಲಿತಾಂಶ, ನೀರು ಕರೆಂಟಿನ ಪ್ರಕಟಣೆ, ಇವನ್ನು ಸುದ್ದಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮಗೆ ಬೇಕಾದದ್ದು ಅದೇ ಅಲ್ವಾ? ಮಾಡಿದ ಕಾರ್ಯಕ್ರಮದ ರೆಕಾರ್ಡಿಂಗ್ ಮೂರು ತಿಂಗಳು ತೆಗೆದಿಡಬೇಕು.

ಆನ್‌ಲೈನಲ್ಲಿ ಚಿಕ್ಕ ಎಫ್‌ಎಂ ಟ್ರಾನ್ಸ್‌ಮಿಟರ್ ಸಿಗುತ್ತೆ, ತರಿಸಿ ಹಚ್ಚಿಬಿಡೋಣ ಅನ್ನುವ ಯೋಚನೆ ಇದ್ದರೆ ಈಗಲೇ ಬಿಡಿ. ಅದು ಅಪರಾಧ. ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ ನಿಜ. ಹಾಗಂತ ಯಾರು ಬೇಕಾದರೂ ಬಾವಿಗೆ ಮೋಟಾರ್ ಇಳಿಸಬಹುದು ಅಂತಲ್ಲ.

ಜೋಳದರೊಟ್ಟಿ

ತರಿಸುವ ಯೋಚನೆ ಇತ್ತು ಅಕ್ಕಾ. ಕಾರ್ಟಿನಲ್ಲಿ ಹಾಕಿ ಇಟ್ಟಿದ್ದೆ. ಈಗ ತೆಗೆದೆ.

ಹಳೇ ಮೈಕ್, ವಿಜಯಪುರ ಜಿಲ್ಲೆ

ತಮ್ಮಾ, ನಾನು ಇಂಥ ಕಡೆ ಬರೆಯುವುದು ಕಡಿಮೆ. ಮಗಳು ಈ ಚರ್ಚೆ ತೋರಿಸಿದಳು, ಸುಮ್ನೆ ಇರಲಿಕ್ಕಾಗಲಿಲ್ಲ.

1994ರಿಂದ ಹದಿನೇಳು ವರ್ಷ ಸರ್ಕಾರಿ ರೇಡಿಯೋದಲ್ಲಿ ಕ್ಯಾಶುವಲ್ ಅನೌನ್ಸರ್ ಆಗಿದ್ದೆ. ಕನ್ನಡದಲ್ಲಿ ನೈಮಿತ್ತಿಕ ಉದ್ಘೋಷಕ ಅಂತ ಹೆಸರು ದೊಡ್ಡದು. ಕೈಗೆ ಬರುತ್ತಿದ್ದದ್ದು ತಿಂಗಳಿಗೆ ಆರು ಡ್ಯೂಟಿ. ಉಳಿದ ದಿನ ಹೈಸ್ಕೂಲ್ ಮಾಸ್ತರಿಕೆ. ಆಮೇಲೆ ಆರು ವರ್ಷ ಒಂದು ಸಂಸ್ಥೆಯ ಸಮುದಾಯ ರೇಡಿಯೋ ನೋಡಿಕೊಂಡೆ. ಅದು ಈಗ ಬಂದ್ ಆಗಿದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಧ್ವನಿ ಬಗ್ಗೆ ಕೇಳಿದ್ದೀ. ನನ್ನ ಧ್ವನಿ ನಮ್ಮ ಮನೆಯ ಕಿರುಗುಟ್ಟುವ ಬಾಗಿಲಿನ ಥರ ಇತ್ತು. ಆಡಿಷನ್‌ನಲ್ಲಿ ಪಾಸಾದದ್ದು ಧ್ವನಿಯಿಂದಲ್ಲ, ಓದುವಾಗ ಎಲ್ಲೂ ತಡವರಿಸಲಿಲ್ಲ ಅಂತ. ಅಲ್ಲಿ ಕೂತವರು ಒಂದೇ ತಪ್ಪು ಹಿಡಿದರು. ಒಂದು ಕಡೆ 'ಇದೆ' ಅನ್ನುವ ಬದಲು ಬಾಯಿತಪ್ಪಿ 'ಐತಿ' ಅಂದಿದ್ದೆ. ಮೂವರೂ ಕಾಗದದಿಂದ ತಲೆ ಎತ್ತಿದರು. ಆ ನೋಟ ಇನ್ನೂ ಮರೆತಿಲ್ಲ.

ಆಗ ಎಲ್ಲ ಟೇಪು. ಕಾಲು ಇಂಚು ಅಗಲದ ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು. ಭಾಷಣಕಾರರು ಅರ್ಧ ಸೆಕೆಂಡು ಕೆಮ್ಮಿದರೆ ಮೂರೂಮುಕ್ಕಾಲು ಇಂಚು ಕೆಮ್ಮು. ಕೈಯಿಂದ ಸ್ಪೂಲ್ ತಿರುವಿ ಕೆಮ್ಮು ಎಲ್ಲಿ ಶುರು ಅಂತ ಹುಡುಕಿ, ಬಿಳಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುವುದು. ಡ್ಯೂಟಿ ಮುಗಿಸಿ ಎದ್ದರೆ ಕಾಲ ಕೆಳಗೆ ಕೆಮ್ಮು, 'ಅಂದರೆ', 'ಏನಪ್ಪಾ ಅಂದ್ರೆ' ಎಲ್ಲ ಕಂದು ರಿಬ್ಬನ್ ಥರ ಬಿದ್ದಿರುತ್ತಿದ್ದವು. ಅವನ್ನು ಕತ್ತರಿಸಿ ಕತ್ತರಿಸಿ ನನ್ನ ಮಾತಿನಲ್ಲಿ ಅವು ತಾನಾಗಿಯೇ ಕಡಿಮೆಯಾದವು. ಈಗ ಕಂಪ್ಯೂಟರ್‌ನಲ್ಲಿ ಅಳಿಸುವುದು ಸುಲಭ, ಅದಕ್ಕೇ ಯಾರೂ ಕಲಿಯುವುದಿಲ್ಲ.

ಈಗ ನಿನಗೆ ಬೇಕಾದ ಕಥೆ. ಸಮುದಾಯ ರೇಡಿಯೋ ಶುರುವಾಗಿ ಎರಡನೇ ವರ್ಷ. ಕಾಲುವೆಗೆ ನೀರು ಬಿಡುವ ಪ್ರಕಟಣೆ ಬಂತು. ಕಾಗದದಲ್ಲಿ ಇಪ್ಪತ್ತೆರಡನೇ ತಾರೀಖು ಅಂತ ಇತ್ತು. ನಾನು ಹನ್ನೆರಡು ಅಂತ ಓದಿದೆ. ಒಂದು ಸಲ ಅಲ್ಲ, ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಹದಿಮೂರನೇ ತಾರೀಖು ಬೆಳಿಗ್ಗೆ ಸ್ಟುಡಿಯೋ ಮುಂದೆ ಒಬ್ಬ ರೈತರು ಬಂದು ನಿಂತರು. ಹೆಗಲ ಮೇಲೆ ಸಲಿಕೆ, ಕೈಯಲ್ಲಿ ಬುತ್ತಿ ಗಂಟು. ಹಿಂದಿನ ದಿನ ಪೂರ್ತಿ, ರಾತ್ರಿ ಕೂಡ, ಕಾಲುವೆ ದಂಡೆ ಮೇಲೆ ಕಾದಿದ್ದಾರೆ. ಒಡ್ಡು ತೆಗೆದಿಟ್ಟುಕೊಂಡು ಕೂತಿದ್ದಾರೆ. ಬೈತಾರೆ ಅಂದುಕೊಂಡೆ. ಅವರು ಅಂದದ್ದು ಇಷ್ಟೇ: "ನೀವು ಹೇಳಿದ್ರಿ ಅಂತ ಹೋದೆರೀ."

ನಾನು ಕಾಗದ ತೆಗೆದು ತೋರಿಸಿ, ತಪ್ಪು ನನ್ನದೇ ಅಂದೆ. ಅವತ್ತೇ ಮಧ್ಯಾಹ್ನ ಮೈಕ್ ಮುಂದೆಯೂ ಹೇಳಿದೆ. ಅಂದಿನಿಂದ ಯಾವ ತಾರೀಖನ್ನೂ ಒಂಟಿಯಾಗಿ ಓದಿಲ್ಲ. "ಇಪ್ಪತ್ತೆರಡನೇ ತಾರೀಖು, ಎರಡು ಎರಡು, ಬುಧವಾರ" ಅಂತ ವಾರ ಸಮೇತ ಎರಡು ಸಲ ಓದುತ್ತಿದ್ದೆ. ಮನೆಯಲ್ಲಿ ಮದುವೆ ಕಾರ್ಡ್ ಓದಿದರೂ ಹಾಗೇ ಓದುತ್ತೇನೆ, ಮಕ್ಕಳು ನಗುತ್ತಾರೆ.

ಸೋಲ್ಡರ್ ರಾಯ, ಬಾಗಲಕೋಟೆ

ಕಾಕಾ ಅವರ ಬರಹ ಓದಿ ಬಾಯಿ ಕಟ್ಟಿತು. ಆದರೂ ನನ್ನ ವಿಷಯ ಬಿಡುವುದಿಲ್ಲ.

ರೊಟ್ಟಿ ಅವರೇ, ನೀವು ಇರುವ ಊರಲ್ಲಿ ಗೋಳಗುಮ್ಮಟ ಇದೆ. ಅಲ್ಲಿ ಚಪ್ಪಾಳೆ ತಟ್ಟಿದರೆ ಏಳು ಸಲ ವಾಪಸ್ ಬರುತ್ತೆ, ಈ ಗೋಡೆಗೆ ಪಿಸುಗುಟ್ಟಿದರೆ ಆ ಗೋಡೆಗೆ ಕೇಳುತ್ತೆ ಅಂತ ಜನ ದುಡ್ಡು ಕೊಟ್ಟು ನೋಡಲು ಬರುತ್ತಾರೆ. ಸ್ಟುಡಿಯೋ ಅಂದರೆ ಅದರ ಪೂರ್ತಿ ಉಲ್ಟಾ. ಹೋದ ಸದ್ದು ವಾಪಸ್ ಬರಬಾರದು. ಖಾಲಿ ಖೋಲಿ, ಸುಣ್ಣದ ಗೋಡೆ, ಹಾಸುಗಲ್ಲಿನ ನೆಲ ಇದ್ದರೆ ಎಷ್ಟು ದುಬಾರಿ ಮೈಕ್ ತಂದರೂ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತೆ.

ಅದಕ್ಕೆ ಫೋಮ್ ಶೀಟ್ ತರಬೇಡಿ. ತೆಳು ಫೋಮ್ ಬರೀ ಚಂದಕ್ಕೆ. ನಮ್ಮ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿ ಹಾಕಿ. ದಪ್ಪ ಇದ್ದಷ್ಟೂ ಒಳ್ಳೆಯದು. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಟ್ಟು ತೂಗುಹಾಕಿ, ಆಗ ಇನ್ನೂ ಚೆನ್ನಾಗಿ ಸದ್ದು ಕುಡಿಯುತ್ತೆ. ನೆಲಕ್ಕೆ ಜಮಖಾನ. ಮೂಲೆಯಲ್ಲಿ ಹಳೇ ಗಾದಿ ನಿಲ್ಲಿಸಿ. ಫ್ಯಾನ್ ಬಂದ್. ಹೌದು, ಏಪ್ರಿಲ್‌ನಲ್ಲೂ ಬಂದ್. ನಿಮ್ಮೂರಿನ ಬಿಸಿಲು ಗೊತ್ತು, ಅದಕ್ಕೇ ಅರ್ಧ ಗಂಟೆಗಿಂತ ಜಾಸ್ತಿ ಕೂರಬೇಡಿ.

ಮೈಕ್ ಡೈನಮಿಕ್ ತಗೊಳ್ಳಿ, ಕಂಡೆನ್ಸರ್ ಬೇಡ. ಕಂಡೆನ್ಸರ್‌ಗೆ ಕೆಳಗಿನ ಆಟೋ ಹಾರ್ನೂ ಕೇಳುತ್ತೆ, ಪಕ್ಕದ ಮನೆ ಕುಕ್ಕರ್ ಸೀಟಿಯೂ ಕೇಳುತ್ತೆ. ಬಾಯಿಗೆ ನಾಲ್ಕು ಬೆರಳು ದೂರ, ಸ್ವಲ್ಪ ಓರೆ. ನೇರ ಮಾತಾಡಿದರೆ 'ಪ', 'ಫ', 'ಭ' ಬಂದಾಗಲೆಲ್ಲ ಟಪ್ ಅಂತ ಗಾಳಿ ಹೊಡೆಯುತ್ತೆ.

ಪರವಾನಗಿ ಬರುವವರೆಗೆ ಇಂಟರ್ನೆಟ್ ಮೇಲೆ ಮಾಡಿ. ಅದಕ್ಕೆ ತರಂಗಾಂತರ ಬೇಡ. ಐಸ್‌ಕಾಸ್ಟ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಮಾತಿಗೆ ಸ್ಟೀರಿಯೋ ಬೇಡವೇ ಬೇಡ, ಮೋನೋ 32 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 32 ಕಿಲೋಬಿಟ್ ಸಾಕು. ಲೆಕ್ಕ ಹಾಕಿ: ಒಬ್ಬ ಕೇಳುಗ ಒಂದು ಗಂಟೆ ಕೇಳಿದರೆ ಸುಮಾರು 14 ಎಂಬಿ. ನೂರು ಜನ ಕೇಳಿದರೆ ಒಂದೂವರೆ ಜಿಬಿ ಆಗಲಿಲ್ಲ. ನಿಮ್ಮ ಅಂಗಡಿಗೆ ಬರುವವರು ಒಂದು ರೀಲ್ಸ್ ಸರದಿಯಲ್ಲಿ ಅದಕ್ಕಿಂತ ಜಾಸ್ತಿ ಸುಡುತ್ತಾರೆ.

ಕುಂದಾಪ್ರೇಮಿ

ಒಂದು ಸೇರಿಸುತ್ತೇನೆ. ಇಂಟರ್ನೆಟ್‌ನಲ್ಲಿ ಸುದ್ದಿ, ರಾಜಕೀಯದ ಚರ್ಚೆ ಶುರು ಮಾಡಿದರೆ 2021ರ ಐಟಿ ನಿಯಮಗಳ ಕೆಳಗೆ ಬರುತ್ತೀರಿ. ದೂರು ಕೇಳುವ ವ್ಯವಸ್ಥೆ ಎಲ್ಲ ಇಡಬೇಕಾಗುತ್ತೆ. ನೀರು, ಕರೆಂಟು, ಸಂತೆಗೆ ಅಂಟಿಕೊಂಡಿರಿ.

ಕೋಲಾರ ಜಿಲ್ಲೆ ಬೂದಿಕೋಟೆಯ ನಮ್ಮ ಧ್ವನಿ ಬಗ್ಗೆ ಕೇಳಿದ್ದೀರಾ? ಗಾಳಿಯಲ್ಲಿ ಹೋಗಲು ಆಗ ಅನುಮತಿ ಇರಲಿಲ್ಲ ಅಂತ ಕೇಬಲ್ ಎಳೆದು ಮನೆಮನೆಗೆ ಮುಟ್ಟಿಸಿದರು. ಸಂಘ ಸಂಸ್ಥೆಗಳಿಗೆ ಪರವಾನಗಿ ಕೊಡುವ ನೀತಿ ಬಂದದ್ದೇ 2006ರಲ್ಲಿ. ಅದಕ್ಕೂ ಮುಂಚೆ ಬರೀ ವಿದ್ಯಾಸಂಸ್ಥೆಗಳಿಗೆ ಇತ್ತು.

ಇಂಡಿ ಲಿಂಬೆ, ಇಂಡಿ ತಾಲ್ಲೂಕು

ನಾನು ಕೇಳುವವಳು, ಮಾತಾಡುವವಳಲ್ಲ. ಒಂದು ಎಕರೆ ಲಿಂಬೆ, ಎರಡು ಎಕರೆ ದ್ರಾಕ್ಷಿ ಇದೆ. ನಿಮ್ಮ ರೇಡಿಯೋದಿಂದ ನನಗೆ ಏನು ಬೇಕು ಅಂತ ಹೇಳಲಾ?

ಅಕ್ಟೋಬರ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಸವರುವುದು, ಆದಮೇಲೆ ಮೋಡ ಕವಿದರೆ ನಮಗೆ ನಿದ್ದೆ ಬರುವುದಿಲ್ಲ. ದೌಣಿ ರೋಗ ಬಂದರೆ ಮುಗಿಯಿತು. ಮಾರ್ಚ್‌ನಲ್ಲಿ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಲು ಹಾಕಿದಾಗ ಅಕಾಲ ಮಳೆ ಬಂದರೆ ಮಣೂಕ ಕಪ್ಪಾಗುತ್ತೆ, ರೇಟು ಬೀಳುತ್ತೆ. ಫೋನಲ್ಲಿ ಹವಾಮಾನ ನೋಡಿದರೆ ವಿಜಯಪುರ ಅಂತ ಒಂದೇ ಚಿತ್ರ ಬರುತ್ತೆ. ಚಡಚಣ ಕಡೆ ಮೋಡ ಇದೆಯಾ, ನಿಡಗುಂದಿ ಕಡೆ ಹನಿ ಬಿತ್ತಾ, ಅಲ್ಲಿ ಇರುವವರೇ ಫೋನ್ ಮಾಡಿ ಹೇಳಬೇಕು. ಅರ್ಧ ಗಂಟೆ ಮುಂಚೆ ಗೊತ್ತಾದರೆ ತಾಡಪಾಲು ಹೊದಿಸಬಹುದು. ಇದನ್ನು ಮಾಡಿದರೆ ನಾನು ದಿನಾ ಕೇಳುತ್ತೇನೆ. ಜೀವನದಲ್ಲಿ ಗೆಲ್ಲುವುದು ಹೇಗೆ ಅಂತ ಶುರು ಮಾಡಿದರೆ ಬಂದ್ ಮಾಡುತ್ತೇನೆ.

ಒಂದು ವಿನಂತಿ. ನಮ್ಮ ಹಾಗೆ ಮಾತಾಡಿ. ಬೆಂಗಳೂರು ಹುಡುಗರ ಹಾಗೆ 'ಹಾಯ್ ಹಲೋ ವಿಜಯಪುರಾ' ಅಂತ ಕಿರುಚಬೇಡಿ.

ಬಸ್‌ಸ್ಟ್ಯಾಂಡ್ ಚಹಾ

ಅಕ್ಕಾರೆ, ಅದು ಸರಿ. ಆದರೆ ರೇಡಿಯೋದಲ್ಲಿ 'ಐತಿ', 'ಬರ್ತೈತಿ', 'ಹೋಗ್ಯಾನ' ಅಂತ ಮಾತಾಡಿದರೆ ಕಾಮಿಡಿ ಅನ್ನಿಸುತ್ತೆ. ಸಿನಿಮಾದವರು ನಮ್ಮ ಮಾತನ್ನು ನಗೆಪಾಟಲು ಮಾಡಿ ಇಟ್ಟಿದ್ದಾರೆ. ಪ್ರಕಟಣೆ ಅಂದಮೇಲೆ ಶುದ್ಧ ಕನ್ನಡ ಇರಬೇಕು.

ಸೋಲ್ಡರ್ ರಾಯ

ಶುದ್ಧ ಕನ್ನಡ ಯಾವುದು ಚಹಾ ಅವರೇ? ಮೈಸೂರಿನದಾ? ನಮ್ಮ ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನ ಕೆತ್ತಿದಾಗ ಬೆಂಗಳೂರು ಎಲ್ಲಿತ್ತು?

ಕುಂದಾಪ್ರೇಮಿ

ಜಗಳ ಬೇಡ. ನಮ್ಮ ಬೆಳಗಾವಿಯಲ್ಲಿ ಕರೆ ಮಾಡಿದವರು ಕನ್ನಡದಲ್ಲಿ ಶುರು ಮಾಡಿ, ಮರಾಠಿಯಲ್ಲಿ ಸಿಟ್ಟಾಗಿ, ಹಿಂದಿಯಲ್ಲಿ ಥ್ಯಾಂಕ್ಸ್ ಹೇಳಿ ಇಡುತ್ತಾರೆ. ಯಾರಿಗೂ ತೊಂದರೆ ಆಗಿಲ್ಲ.

ಹಳೇ ಮೈಕ್

ಆ ಮೂವರು ತಲೆ ಎತ್ತಿ ನೋಡಿದ್ದು ನಾನು ಹೇಳಿದೆನಲ್ಲ. ಹದಿನೇಳು ವರ್ಷ 'ಇದೆ', 'ಇವೆ' ಅಂತ ಓದಿದೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ 'ಐತಿ'. ನನ್ನ ಅಭಿಪ್ರಾಯ ಹೀಗಿದೆ. ತಾರೀಖು, ಹೊತ್ತು, ರೇಟು, ಔಷಧಿ ಪ್ರಮಾಣ, ಇವನ್ನು ನಿಧಾನವಾಗಿ, ಪುಸ್ತಕದ ಕನ್ನಡದಲ್ಲಿ ಓದು. ಎಲ್ಲ ತಾಲ್ಲೂಕಿನವರಿಗೂ ಒಂದೇ ಥರ ತಿಳಿಯಬೇಕು. ಫೋನ್ ಎತ್ತಿದ ಮೇಲೆ ನಿನ್ನ ಅವ್ವನ ಜೊತೆ ಮಾತಾಡುವ ಹಾಗೆ ಮಾತಾಡು. ಆದರೆ ಆಡುಮಾತನ್ನು ವೇಷ ಹಾಕಿದ ಹಾಗೆ ಹಾಕಬೇಡ. ನಾಲ್ಕು 'ಲೇ ಮಗನ' ಸೇರಿಸಿದರೆ ಉತ್ತರ ಕರ್ನಾಟಕ ಆಯಿತು ಅಂದುಕೊಂಡವರನ್ನು ನೋಡಿ ಚಹಾ ಅವರಿಗೆ ಸಿಟ್ಟು ಬಂದಿರಬೇಕು. ನನಗೂ ಬರುತ್ತೆ.

ಹೇಗೆ ಮಾತಾಡಬೇಕು ಅಂತ ಕಲಿಯಬೇಕಾದರೆ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಹಳೇ ಪ್ರವಚನದ ರೆಕಾರ್ಡಿಂಗ್ ಕೇಳು. ಭಕ್ತಿಗಾಗಿ ಅಲ್ಲ, ಕಸುಬಿಗಾಗಿ. ಸಾವಿರಾರು ಜನ ಮುಂದೆ ಕೂತಿದ್ದರೂ ಧ್ವನಿ ಏರಿಸುತ್ತಿರಲಿಲ್ಲ. ಒಂದು ಮಾತು ಆಡಿ, ಅದು ಕೊನೆಯ ಸಾಲಿಗೆ ಹೋಗಿ ಕೂತ ಮೇಲೆ ಇನ್ನೊಂದು. 2023ರ ಜನವರಿಯಲ್ಲಿ ಅವರು ಹೋದಾಗ ಊರಿನ ಮುದುಕರು ಹೇಳಿದ್ದು, ನಮಗೆ ತಿಳಿಯುವ ಹಾಗೆ ಮಾತಾಡುವವರು ಹೋದರು ಅಂತ.

ಕರೆ ಬಗ್ಗೆ ಒಂದು ಮಾತು. ನನ್ನ ಜೀವನದಲ್ಲಿ ಅತಿ ಹೆಚ್ಚು ಸಲ ಹೇಳಿದ ವಾಕ್ಯ 'ನಮಸ್ಕಾರ' ಅಲ್ಲ. "ಮೊದಲು ನಿಮ್ಮ ರೇಡಿಯೋ ಸೌಂಡ್ ಸಣ್ಣ ಮಾಡ್ರಿ" ಅನ್ನುವುದು. ಕರೆ ಮಾಡಿದವರು ತಮ್ಮ ಧ್ವನಿ ರೇಡಿಯೋದಲ್ಲಿ ಬರುತ್ತಾ ಅಂತ ಕೇಳಲು ಪಕ್ಕದಲ್ಲೇ ಜೋರಾಗಿ ಹಚ್ಚಿಟ್ಟಿರುತ್ತಾರೆ. ಆ ಸದ್ದು ಫೋನಿಗೆ ಬಂದು, ಅಲ್ಲಿಂದ ಮತ್ತೆ ರೇಡಿಯೋಗೆ ಹೋಗಿ ಕುಂಯ್ ಅನ್ನುತ್ತೆ.

ಸೋಲ್ಡರ್ ರಾಯ

ಇಂಟರ್ನೆಟ್‌ನಲ್ಲಿ ಕುಂಯ್ ಅನ್ನುವುದಿಲ್ಲ ಕಾಕಾ, ಅದಕ್ಕಿಂತ ಕೆಟ್ಟದ್ದು ಆಗುತ್ತೆ. ಇಲ್ಲಿ ಆಡಿದ್ದು ಅಲ್ಲಿ ಕೇಳಲು ಇಪ್ಪತ್ತು ಮೂವತ್ತು ಸೆಕೆಂಡ್ ತಡ. ಕರೆ ಮಾಡಿದವರು ಅರ್ಧ ನಿಮಿಷದ ಹಿಂದೆ ತಾವೇ ಆಡಿದ ಮಾತಿಗೆ 'ಹೌದ್ರಿ, ಖರೇ ಅದ' ಅಂತ ಉತ್ತರ ಕೊಡುತ್ತಾ ಕೂರುತ್ತಾರೆ. ನಾನೇ ಕೇಳಿದ್ದೇನೆ.

ಬಸ್‌ಸ್ಟ್ಯಾಂಡ್ ಚಹಾ

ಎಲ್ಲ ಸರಿ. ದುಡ್ಡು?

ಕುಂದಾಪ್ರೇಮಿ

ಸಮುದಾಯ ರೇಡಿಯೋಗೆ ಗಂಟೆಗೆ 12 ನಿಮಿಷ ಜಾಹೀರಾತು ಹಾಕಲು ಬಿಟ್ಟಿದ್ದಾರೆ, 2024ರಿಂದ. ಅದಕ್ಕೂ ಮುಂಚೆ 7 ನಿಮಿಷ. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ಇದ್ದದ್ದು 74 ರೂಪಾಯಿ ಆಗಿದೆ. 12 ನಿಮಿಷ ಪೂರ್ತಿ ತುಂಬಿದರೆ ಗಂಟೆಗೆ 5,328 ರೂಪಾಯಿ. ತುಂಬುವುದಿಲ್ಲ. ಬಿಲ್ಲು ಪಾಸಾಗುವುದು ಇನ್ನೊಂದು ಕಥೆ.

ಸೋಲ್ಡರ್ ರಾಯ

ನಮ್ಮ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲೇ ಅಲ್ವಾ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದ್ದು? ವಚನ ಅಚ್ಚು ಮಾಡಲು ಮನೆಯನ್ನೇ ಮಾರಿದರು ಅಂತಾರೆ. ಊರಿನ ನೀರಿನಲ್ಲೇ ಇದೆ ಈ ಹುಚ್ಚು.

ಹಳೇ ಮೈಕ್

ಹಳಕಟ್ಟಿಯವರಿಗೆ ಕೈ ಮುಗಿಯೋಣ. ನೀನು ಮಾತ್ರ ಮನೆ ಮಾರಬೇಡ ತಮ್ಮಾ. ಅಂಗಡಿಯನ್ನೂ ಬಿಡಬೇಡ. ನಾನು ಮಾಸ್ತರಿಕೆ ಬಿಟ್ಟಿದ್ದರೆ ಆರು ಡ್ಯೂಟಿ ದುಡ್ಡಿನಲ್ಲಿ ಜೋಳ ಕೂಡ ಬರುತ್ತಿರಲಿಲ್ಲ.

ನಮ್ಮ ಸ್ಟೇಷನ್ ಯಾಕೆ ನಿಂತಿತು ಅಂತ ಹೇಳುತ್ತೇನೆ ಅಂದಿದ್ದೆ. ದುಡ್ಡಿನಿಂದ ಅಲ್ಲ. ಮೂರನೇ ವರ್ಷ ಸಂಸ್ಥೆಯ ಹಿರಿಯರಿಗೆ ರೇಡಿಯೋ ಅಂದರೆ ತಮ್ಮ ಭಾಷಣ ಅಂತ ಅನ್ನಿಸಲು ಶುರುವಾಯಿತು. ಮೊದಲು ವಾರಕ್ಕೊಂದು. ಆಮೇಲೆ ಸನ್ಮಾನ, ಹುಟ್ಟುಹಬ್ಬ, ಉದ್ಘಾಟನೆ. ನೀರಿನ ಪ್ರಕಟಣೆ ಮುಂಜಾನೆ ಏಳರಿಂದ ಹತ್ತಕ್ಕೆ ಹೋಯಿತು. ಹತ್ತಕ್ಕೆ ಹೊಲದಲ್ಲಿರುವವರು ಯಾರು ಕೇಳುತ್ತಾರೆ? ದಿನಕ್ಕೆ ಹದಿನೈದು ಕರೆ ಬರುತ್ತಿದ್ದದ್ದು ನಾಲ್ಕಾಯಿತು. ನಾನು ಒಂದೆರಡು ಸಲ ಹೇಳಿದೆ, ಆಮೇಲೆ ನಾನೂ ಬಾಯಿ ಮುಚ್ಚಿದೆ. ಅದು ನನ್ನ ತಪ್ಪು.

ಒಂದು ಮಳೆಗಾಲದಲ್ಲಿ ಸಿಡಿಲು ಬಡಿದು ಟ್ರಾನ್ಸ್‌ಮಿಟರ್ ಸುಟ್ಟಿತು. ರಿಪೇರಿಯವರು ಬರಲು ಒಂಬತ್ತು ದಿನ ಆಗುತ್ತೆ ಅಂದರು. ನಾನು ದಿನಾ ಹೋಗಿ ಫೋನಿನ ಪಕ್ಕ ಕೂರುತ್ತಿದ್ದೆ, ಯಾರಾದರೂ ಯಾಕ್ರಿ ಬಂದ್ ಐತಿ ಅಂತ ಕೇಳಿದರೆ ಹೇಳಲು. ಒಂಬತ್ತು ದಿನ ಒಂದು ಕರೆಯೂ ಬರಲಿಲ್ಲ. ಮೊದಲ ವರ್ಷಗಳಲ್ಲಿ ಐದು ನಿಮಿಷ ಕರೆಂಟ್ ಹೋಗಿ ನಿಂತರೂ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಹತ್ತನೇ ದಿನ ರಿಪೇರಿಯವರಿಗೆ ನಾನೇ ಫೋನ್ ಮಾಡಿ ಬರುವುದು ಬೇಡ ಅಂದೆ. ಹಿರಿಯರು ಕೂಡ ಯಾಕೆ ಅಂತ ಕೇಳಲಿಲ್ಲ.

ಇಂಡಿ ಲಿಂಬೆ

ಕಾಕಾರೆ, ಆ ರೇಡಿಯೋ ನಾವೂ ಕೇಳುತ್ತಿದ್ದೆವು ಅನ್ನಿಸುತ್ತೆ. ಅಂದಾಜಿನ ಮೇಲೆ ಹೇಳುತ್ತಿದ್ದೇನೆ. ತವರಿಗೆ ಹೋದಾಗ ಅಪ್ಪ ತಾರೀಖನ್ನು ಯಾವಾಗಲೂ 'ಎರಡು ಎರಡು ಬುಧವಾರ' ಅಂತ ಅಣಕಿಸುತ್ತಿದ್ದರು. ಯಾರದ್ದು ಅಂತ ಗೊತ್ತಿರಲಿಲ್ಲ.

ಜೋಳದರೊಟ್ಟಿ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಶುರು ಮಾಡಿದೆ. ಇಂಟರ್ನೆಟ್ ಮೇಲೆ, ಮುಂಜಾನೆ ಆರೂವರೆಯಿಂದ ಏಳು, ಅಷ್ಟೇ. ಖೋಲಿಗೆ ಅಜ್ಜಿಯ ಎರಡು ಕರಿ ಕಂಬಳಿ ತೂಗುಹಾಕಿದೆ, ನೆಲಕ್ಕೆ ಜಮಖಾನ, ಒಂದು ಡೈನಮಿಕ್ ಮೈಕ್. ಮೊದಲ ವಾರ ಏಳು ಜನ ಕೇಳಿದರು, ಅದರಲ್ಲಿ ನಾಲ್ವರು ನಮ್ಮ ಮನೆಯವರು. ಈಗ ಮೂವತ್ತರ ಮೇಲೆ ಇರುತ್ತಾರೆ. ಚಡಚಣದಿಂದ ಒಬ್ಬರು ದಿನಾ ಮೋಡದ ಬಗ್ಗೆ ವಾಯ್ಸ್ ಮೆಸೇಜ್ ಕಳಿಸುತ್ತಾರೆ, ಲಿಂಬೆ ಅಕ್ಕಾರ ಪುಣ್ಯ.

ನಿನ್ನೆ ಒಂದು ಎಡವಟ್ಟಾಯಿತು. ಕರೆಂಟ್ ಹತ್ತಕ್ಕೆ ಹೋಗುತ್ತೆ ಅಂತ ಓದಿದ್ದೆ. ಪ್ರಕಟಣೆಯಲ್ಲಿ ಒಂಬತ್ತೂವರೆ ಅಂತ ಇತ್ತು, ನಾನೇ ಸರಿಯಾಗಿ ನೋಡಿರಲಿಲ್ಲ. ಹಿಂದಿನ ಓಣಿಯ ಗಿರಣಿಯವರು ಅಂಗಡಿಗೆ ಬಂದು, ಗಿರಾಕಿಗಳ ಮುಂದೆ, ಹತ್ತು ನಿಮಿಷ ಬೈದರು. ಅರ್ಧ ಜೋಳ ಕಲ್ಲಿನಲ್ಲೇ ನಿಂತಿತ್ತಂತೆ. ಮುಖ ಸಣ್ಣದು ಮಾಡಿಕೊಂಡು ಕೇಳಿಸಿಕೊಂಡೆ.

ಹಳೇ ಮೈಕ್

ಚಹಾ ಕುಡಿಸಿದೆಯಾ ಅವರಿಗೆ?

ಜೋಳದರೊಟ್ಟಿ

ಕುಡಿಸಿದೆ ಕಾಕಾ. ಹೋಗುವಾಗ ನಾಳೆಯದ್ದು ಸರಿಯಾಗಿ ನೋಡಿ ಹೇಳು ಅಂದರು.

ಈಗ ಬೇರೆ ಸಮಸ್ಯೆ ಬಂದಿದೆ. ಚಳಿ ಶುರುವಾಯಿತಲ್ಲ, ಅಜ್ಜಿ ಕಂಬಳಿ ವಾಪಸ್ ಕೇಳುತ್ತಿದ್ದಾರೆ. ಕಡಿಮೆ ರೇಟಿಗೆ ದಪ್ಪ ಕಂಬಳಿ ಎಲ್ಲಿ ಸಿಗುತ್ತೆ, ಯಾರಿಗಾದರೂ ಗೊತ್ತಾ?